ಬೆಳಗಿನ ಮೊದಲ ನೀರು

ಮಾರ್ಚ್ 3, ಸೋಮವಾರ

ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಡೈರಿ ಹಂಚಿದರು. ವರ್ಷ ಶುರುವಾಗಿ ಎರಡು ತಿಂಗಳು ಕಳೆದ ಮೇಲೆ ಡೈರಿ ಹಂಚುವ ಬುದ್ಧಿ ನಮ್ಮವರಿಗೆ ಮಾತ್ರ ಬರಲು ಸಾಧ್ಯ. ಖಾಲಿ ಬಿಡಲು ಮನಸ್ಸಾಗದೆ ಬರೆಯಲು ಕೂತಿದ್ದೇನೆ. ಪೋಲು ಮಾಡುವುದು ನನ್ನ ಜಾಯಮಾನದಲ್ಲೇ ಇಲ್ಲ.

ನೀರು ಸರಬರಾಜು ಕಚೇರಿಯ ವಿಚಾರಣೆ ಮೇಜಿನಲ್ಲಿ ಫೋನು ಎತ್ತಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು. ನಿವೃತ್ತಿಗೆ ಇನ್ನು ಒಂಬತ್ತು ತಿಂಗಳು. ಜನ ಕೇಳುವುದು ಹದಿನಾಲ್ಕೇ ಪ್ರಶ್ನೆ. ಅವನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಹದಿನಾಲ್ಕಕ್ಕೂ ಉತ್ತರ ಬರೆದು, ಕಾರ್ಡು ಮಾಡಿ, ಮೇಜಿನ ಗಾಜಿನ ಕೆಳಗೆ ಜೋಡಿಸಿಟ್ಟವಳು ನಾನೇ. ನೀರು ಹಾಲಿನಂತೆ ಬೆಳ್ಳಗೆ ಬಂದರೆ ಒಂದನೇ ಕಾರ್ಡು. ಅದು ಬರೀ ಗಾಳಿ, ಲೋಟದಲ್ಲಿ ಹಿಡಿದಿಟ್ಟರೆ ಕೆಳಗಿನಿಂದ ತಿಳಿಯಾಗುತ್ತ ಬರುತ್ತದೆ. ಕೆಂಪಗೆ ಬಂದರೆ ಎರಡನೆಯದು, ಔಷಧಿ ವಾಸನೆಗೆ ಮೂರನೆಯದು, ಕೆಟಲಿನೊಳಗೆ ಬಿಳಿ ಪದರ ಕಟ್ಟಿದರೆ ಐದನೆಯದು. ಎರಡು ನಿಮಿಷದೊಳಗೆ ಫೋನು ಇಡದಿದ್ದರೆ ನನಗೆ ಸೋತ ಹಾಗೆ ಅನಿಸುತ್ತದೆ. ಇವತ್ತು ಹನ್ನೊಂದು 'ಎರಡು', ಆರು 'ಮೂರು', ಒಂದು 'ಐದು'. 'ಮೂರು'ಗಳಲ್ಲಿ ಒಬ್ಬಳು ಮಾತ್ರ ಸತಾಯಿಸಿದಳು. ನೀರು ಕುಡಿದರೆ ಅತ್ತೆಗೆ ಆಸ್ಪತ್ರೆಯ ನೆನಪಾಗುತ್ತದಂತೆ. ಜಗ್ಗಿನಲ್ಲಿ ತೆರೆದಿಟ್ಟು ಒಂದು ಗಂಟೆ ಬಿಟ್ಟು ಕೊಡಿ, ನೆನಪು ಹೋಗುತ್ತೆ ಅಂದೆ.

ಮನೆಯಲ್ಲಿ ನಾಲ್ಕು ತಿಂಗಳಿಂದ ಮಗಳು, ಮೊಮ್ಮಗಳು ಗುಬ್ಬಿ ಇದ್ದಾರೆ. ಅಳಿಯನಿಗೆ ಊರೂರು ಸುತ್ತುವ ಕೆಲಸ. ಮಗಳು ಮತ್ತೆ ಕೆಲಸಕ್ಕೆ ಸೇರಿದ್ದಾಳೆ. ಹಗಲು ಮಗುವನ್ನು ಇವರು, ನಮ್ಮ ಯಜಮಾನರು, ನೋಡಿಕೊಳ್ಳುತ್ತಾರೆ. ಬೋರ್ಡು ಬರೆಯುವ ಪೇಂಟರ್ ಆಗಿದ್ದವರು ಈಗ ಕುಂಚ ಬಿಟ್ಟು ಗಿಲಕಿ ಹಿಡಿದಿದ್ದಾರೆ. ಗುಬ್ಬಿಗೆ ಒಂಬತ್ತು ತಿಂಗಳು. ಅವಳ ಹಾಲಿನಪುಡಿಗೆ ನೀರು ಸಿದ್ಧ ಮಾಡುವುದು ಮಾತ್ರ ನನ್ನ ಪಾಲಿನ ಕೆಲಸ, ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ನಲ್ಲಿಯ ಮೊದಲ ನೀರನ್ನೇ ಹಿಡಿದು, ಹತ್ತು ನಿಮಿಷ ಕುದಿಸಿ, ಫ್ಲಾಸ್ಕಿಗೆ ತುಂಬಿಸಿಡುತ್ತೇನೆ. ಮಗಳಿಗೆ ಬಿಟ್ಟರೆ ನಲ್ಲಿ ತಿರುಗಿಸಿ ನೀರು ತಣ್ಣಗಾಗುವ ತನಕ ಬೆರಳಿಟ್ಟುಕೊಂಡು ನಿಲ್ಲುತ್ತಾಳೆ. ನಾನು ಹೋಗಿ ನಿಲ್ಲಿಸುತ್ತೇನೆ. ನೀರಿನ ಆಫೀಸಿನವಳ ಮನೆಯಲ್ಲೇ ನೀರು ಮೋರಿಗೆ ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ.

ಮಾರ್ಚ್ 5, ಬುಧವಾರ

ಹದಿನೈದು 'ಎರಡು'. ಯಾವುದೋ ಬೀದಿಯಲ್ಲಿ ವಾಲ್ವು ತಿರುಗಿಸಿ ಪೈಪಿನ ತುಕ್ಕು ಕದಡಿದ್ದಾರೆ.

ಮೇಷ್ಟ್ರು ಫೋನು ಮಾಡಿದ್ದರು. ನಿವೃತ್ತ ಹೆಡ್‌ಮಾಸ್ಟರು, ವಾರಕ್ಕೊಮ್ಮೆ ಪ್ರಶ್ನೆ ಕೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಈ ವಾರದ್ದು ಒಂಬತ್ತನೇ ಕಾರ್ಡು, ಸೀಸ.

"ನಮ್ಮದು ಎಪ್ಪತ್ತು ವರ್ಷದ ಮನೆ ಅಮ್ಮ. ಬೀದಿಯಿಂದ ಒಳಗೆ ಬರೋ ಪೈಪು ಸೀಸದ್ದಾ? ಸೊಸೆ ಬಾಣಂತಿ, ಮುಂದಿನ ವಾರ ಮಗೂನ ಕರ್ಕೊಂಡು ಬರ್ತಾಳೆ."

ರಿಜಿಸ್ಟರ್ ತೆಗೆದು ನೋಡಿ ಹೇಳಿದೆ. "ತಾಮ್ರ ಅಂತಿದೆ ಮೇಷ್ಟ್ರೇ. ನಿಶ್ಚಿಂತೆಯಾಗಿರಿ."

ಅವರಿಗೆ ನಿಶ್ಚಿಂತೆ ಒಗ್ಗುವುದಿಲ್ಲ. ಒಂಬತ್ತನೇ ಕಾರ್ಡನ್ನು ಪೂರ್ತಿ ಓದಿಸಿಕೊಂಡರು. ಕೀಲಿಕೈಯಿಂದ ಪೈಪು ಕೆರೆಯಿರಿ, ಕೆಂಪಗೆ ಕಂಡರೆ ತಾಮ್ರ, ಅಯಸ್ಕಾಂತ ಹಿಡಿದರೆ ಕಬ್ಬಿಣ, ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದರೆ ಸೀಸ. ಸೀಸವಾದರೆ ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಹರಿಯಬಿಡಿ, ಕುದಿಸಿದರೆ ಸೀಸ ಹೋಗುವುದಿಲ್ಲ. ಆರು ನಿಮಿಷ ಹಿಡಿಯಿತು.

ಮಾರ್ಚ್ 10, ಸೋಮವಾರ

ಮತ್ತೆ ಮೇಷ್ಟ್ರು. "ಕೆರೆದು ನೋಡ್ದೆ ಅಮ್ಮ. ಬೆಳ್ಳಿ ಥರ ಹೊಳೀತಿದೆ."

"ಬೆಳಕಿಗೆ ಹಾಗೆ ಕಂಡಿರುತ್ತೆ. ರಿಜಿಸ್ಟರಲ್ಲಿ ತಾಮ್ರ ಅಂತ ಸ್ಪಷ್ಟವಾಗಿದೆ."

"ಹಾಗಾದ್ರೆ ನನ್ನ ಕಣ್ಣು ಸುಳ್ಳು, ನಿಮ್ಮ ರಿಜಿಸ್ಟರು ನಿಜ."

"ಒಂದ್ಸಲ ಕಣ್ಣಿನ ಡಾಕ್ಟರನ್ನೂ ನೋಡಿಬಿಡಿ ಮೇಷ್ಟ್ರೇ," ಅಂದೆ. ಪಕ್ಕದ ಮೇಜಿನವಳು ನಕ್ಕಳು, ನಾನೂ ನಕ್ಕೆ.

ಗುಬ್ಬಿ ಮೂರು ದಿನದಿಂದ ಹಾಲು ಅರ್ಧಕ್ಕೇ ಬಿಡುತ್ತಿದ್ದಾಳೆ. ಮುಖ ಬಿಳಿಚಿಕೊಂಡಿದೆ. ಅಂಬೆಗಾಲಿಡಲು ಶುರುಮಾಡಿದ್ದವಳು ಈಗ ಕೂತಲ್ಲೇ ಕೂರುತ್ತಾಳೆ. ಹಲ್ಲು ಬರುವಾಗ ಹಾಗೇ ಅಂದೆ. ಮಗಳು ಕೇಳಲಿಲ್ಲ, ನಾಳೆ ಡಾಕ್ಟರ ಹತ್ತಿರ ಹೋಗುತ್ತಾಳಂತೆ.

ಮಾರ್ಚ್ 13, ಗುರುವಾರ

ಹೇಗೆ ಬರೆಯಲಿ. ಗುಬ್ಬಿಯ ರಕ್ತದಲ್ಲಿ ಸೀಸವಿದೆ.

ಡಾಕ್ಟರು ಮಗಳಿಗೆ ಫೋನು ಮಾಡಿದಾಗ ಅವಳು ಸ್ಪೀಕರ್ ಹಾಕಿದ್ದಳು. "ಐದರೊಳಗಿದ್ರೆ ಸುಮ್ನೆ ಕಾಯ್ತೀವಿ. ಇವಳಿಗೆ ಹದಿನೆಂಟಿದೆ," ಅಂದರು. ಸೀಸ ಮಿದುಳು ಬೆಳೆಯುವುದಕ್ಕೆ ಅಡ್ಡ ಬರುತ್ತದಂತೆ. ಎಷ್ಟು ಅಡ್ಡ ಬರುತ್ತದೆಂದು ಮಗಳು ಕೇಳಿದಳು. ಈಗಲೇ ಹೇಳಲಾಗುವುದಿಲ್ಲ, ಮೊದಲು ಎಲ್ಲಿಂದ ಬರುತ್ತಿದೆ ಹುಡುಕಿ, ಹಳೇ ಬಣ್ಣವಿದೆಯಾ ನೋಡಿ ಅಂದರು.

ಬಣ್ಣ ಅಂದ ಕೂಡಲೇ ನಾನು ಇವರ ಕಡೆ ತಿರುಗಿದೆ. ಇವರು ಆಗಲೇ ತಲೆ ತಗ್ಗಿಸಿದ್ದರು.

ಮಾರ್ಚ್ 14, ಶುಕ್ರವಾರ

ರಜೆ ಹಾಕಿದೆ. ಹಿತ್ತಲ ಶೆಡ್ಡಿನಲ್ಲಿ ಇವರ ಹಳೆಯ ಬಣ್ಣದ ಡಬ್ಬಿಗಳು ನಲವತ್ತಕ್ಕೂ ಹೆಚ್ಚು. ಮೂವತ್ತು ವರ್ಷದ ಕೆಲಸದ ನೆನಪಿಗೆ ಅಂತ ಇಟ್ಟುಕೊಂಡಿದ್ದರು. ಒಂದನ್ನೂ ಬಿಡದೆ ಸಾಗಿಸಿದೆ. ಬಾಯಿಗೆ ಬಂದಂತೆ ಬೈದೆ. "ಮಗು ನುಂಗೋ ವಿಷಾನ ಮನೇಲಿ ಅಲಂಕಾರಕ್ಕೆ ಇಟ್ಕೊಂಡಿದ್ರಲ್ಲ, ನಿಮಗೆ ಮನುಷ್ಯತ್ವ ಇದೆಯಾ?" ಅಂದೆ. ಮಗಳು "ಅಮ್ಮ, ಸಾಕು," ಅಂದಳು. ಇವರು ಎದ್ದು ನಲ್ಲಿಯ ಹತ್ತಿರ ಹೋದರು. ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದು ಬೆರಳಿನ ಸಂದಿಯ ಚರ್ಮ ಕಿತ್ತುಹೋಗಿದೆ. ಮಗುವನ್ನು ಮುಟ್ಟುತ್ತಿಲ್ಲ.

ನೆಲ ಮೂರು ಸಲ ಒರೆಸಿದೆ. ಗುಬ್ಬಿಗೆ ಬೇರೇನೂ ತಗಲದಿರಲೆಂದು ನೀರನ್ನು ಇನ್ನೂ ಐದು ನಿಮಿಷ ಹೆಚ್ಚು ಕುದಿಸಿದೆ.

ಮಾರ್ಚ್ 18, ಮಂಗಳವಾರ

ಆಸ್ಪತ್ರೆಯ ನರ್ಸು ಫೋನಿನಲ್ಲಿ ಒಂದು ಪಟ್ಟಿ ಓದುತ್ತ ಹೋದಳು. ನನ್ನ ಕಾರ್ಡುಗಳ ಹಾಗೆಯೇ. ಆಟಿಕೆ, ಬಣ್ಣ, ಪಾತ್ರೆ, ಮಣ್ಣು. ಕೊನೆಗೆ "ನೀರು?" ಅಂದಳು.

"ನೀರಿನ ಆಫೀಸಲ್ಲೇ ಇದ್ದೀನಮ್ಮ ನಾನು. ನಮ್ಮನೆ ಪೈಪು ತಾಮ್ರ. ರಿಜಿಸ್ಟರಲ್ಲಿದೆ."

ಸರಿ ಎಂದು ಬರೆದುಕೊಂಡಳು.

ಮಾರ್ಚ್ 27, ಗುರುವಾರ

ಎರಡನೇ ಪರೀಕ್ಷೆ. ಇಪ್ಪತ್ತೆರಡು.

ಡಬ್ಬಿಗಳಿಲ್ಲ, ಶೆಡ್ಡಿಗೆ ಬೀಗ, ಗೋಡೆಗೆ ಹೊಸ ಬಣ್ಣ. ಆದರೂ ಏರಿದೆ. ಮಗಳು ಗುಬ್ಬಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತವಳು ಒಂದು ಗಂಟೆ ಅಲ್ಲಾಡಲಿಲ್ಲ. ನಾನು ಹೋಗಿ ಬೆನ್ನ ಮೇಲೆ ಕೈಯಿಟ್ಟೆ.

ಆಫೀಸಿನ ಲ್ಯಾಬಿನ ಹುಡುಗಿಗೆ ವಿಷಯ ಹೇಳಿದೆ. "ಅಕ್ಕ, ಯಾವುದಕ್ಕೂ ನೀರು ನೋಡೇಬಿಡೋಣ," ಎಂದು ಎರಡು ಬಾಟಲಿ ಕೊಟ್ಟಳು. ಒಂದಕ್ಕೆ ಬೆಳಗಿನ ಮೊದಲ ನೀರು, ಇನ್ನೊಂದಕ್ಕೆ ಐದು ನಿಮಿಷ ಹರಿಸಿದ ಮೇಲಿನದು. ಅವಳ ಸಮಾಧಾನಕ್ಕೆ ಇಸಿದುಕೊಂಡೆ. ಐದು ನಿಮಿಷ ಹರಿಸುವುದು ನೆನೆದೇ ಹೊಟ್ಟೆ ಉರಿಯಿತು.

ಮಾರ್ಚ್ 29, ಶನಿವಾರ

ಎರಡನೇ ಬಾಟಲಿಯಲ್ಲಿ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಬಾಟಲಿಯಲ್ಲಿ ಇರಬಹುದಾದದ್ದರ ಹದಿನೇಳು ಪಟ್ಟು ಸೀಸ.

ಹುಡುಗಿ ಕಾಗದ ನನ್ನ ಕೈಗೆ ಕೊಟ್ಟು ಕೇಳಿದಳು. "ಅಕ್ಕ, ಈ ಮೊದಲ ನೀರನ್ನ ಮನೇಲಿ ಯಾರು ಕುಡೀತಾರೆ?"

ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತೆ. ಯಾರೋ ಬಂದು ನೀರು ಬೇಕಾ ಅಂದರು. ಬೇಡ ಅಂದೆ.

ಮಾರ್ಚ್ 30, ಭಾನುವಾರ

ಇವರು ಮೀಟರಿನ ಗುಂಡಿಯ ಮುಚ್ಚಳ ತೆಗೆದು, ಬೋರಲು ಮಲಗಿ, ಕೀಲಿಕೈಯಿಂದ ಕೆರೆದರು. ನಾನು ಟಾರ್ಚು ಹಿಡಿದಿದ್ದೆ. ಮೇಲಿನ ಕಪ್ಪು ಹೋದ ಕೂಡಲೇ ಬೆಳ್ಳಗೆ ಹೊಳೆಯಿತು. ಕೀಲಿಕೈ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೆಳಕಿಗೆ ಹಾಗೆ ಕಂಡಿದ್ದಲ್ಲ. ಈ ಪರೀಕ್ಷೆಯನ್ನು ಸಾವಿರಾರು ಜನಕ್ಕೆ ಫೋನಿನಲ್ಲಿ ಹೇಳಿದ್ದೇನೆ. ಮಾಡುವುದನ್ನು ನೋಡಿದ್ದು ಇದೇ ಮೊದಲು.

ಇವರು ಎದ್ದು ಕೂತು, ಅಂಗಿಗೆ ಹತ್ತಿದ ಮಣ್ಣು ಕೊಡವಿಕೊಂಡು, "ಹಾಗಾದ್ರೆ ನನ್ನ ಬಣ್ಣ ಅಲ್ಲ," ಅಂದರು. ಅಷ್ಟೇ. ಹೋಗಿ ಗುಬ್ಬಿಯನ್ನು ಎತ್ತಿಕೊಂಡರು. ಹದಿನಾರು ದಿನವಾಗಿತ್ತು ಅವರು ಅವಳನ್ನು ಮುಟ್ಟಿ. ನನಗೆ ಅಲ್ಲೇ ಆ ಗುಂಡಿಯೊಳಗೆ ಇಳಿದುಬಿಡಬೇಕು ಅನಿಸಿತು.

ಮಾರ್ಚ್ 31, ಸೋಮವಾರ

ರಿಜಿಸ್ಟರಿಗೆ ಹೇಗೆ ತಪ್ಪು ಬಂತು ಎಂದು ತಿಳಿಯಲೇಬೇಕಿತ್ತು. ಯಾರ ತಪ್ಪೆಂದು ಗೊತ್ತಾದರೆ ಅವರ ಗ್ರಹಚಾರ ಬಿಡಿಸುವ ಸಿಟ್ಟಿನಲ್ಲೇ ರೆಕಾರ್ಡ್ ಕೋಣೆಗೆ ಹೋದೆ. ರಿಜಿಸ್ಟರನ್ನು ಕಟ್ಟಿದ್ದು ಎಂಟು ವರ್ಷದ ಹಿಂದೆ ಮನೆಮನೆಯಿಂದ ಬಂದ ಫಾರಂಗಳಿಂದ. ನಮ್ಮ ಮನೆಯ ಫಾರಂ ಹುಡುಕಿ ತೆಗೆದೆ. ತಾಮ್ರದ ಚೌಕದಲ್ಲಿ ಸರಿ ಗುರುತು. ಮೂಲೆಯಲ್ಲಿ 'ಫೋನ್ ಮೂಲಕ' ಎಂಬ ಬರಹ, ಅದರ ಕೆಳಗೆ ಒಂದು ಸಹಿ.

ಸಹಿ ನನ್ನದು.

ಆಮೇಲೆ ಒಂದೊಂದಾಗಿ ನೆನಪಾಯಿತು. ಅರ್ಧಕ್ಕರ್ಧ ಮನೆಯವರು ಫಾರಂ ತುಂಬಿ ಕಳಿಸಲೇ ಇಲ್ಲ. ಫೋನು ಮಾಡಿ ಕೇಳಿ ಮುಗಿಸಿಬಿಡಿ ಎಂದು ಸಾಹೇಬರು ನನಗೆ ಒಪ್ಪಿಸಿದರು. ನಿಮ್ಮನೆ ಪೈಪು ಯಾವುದು ಎಂದು ಕೇಳಿದರೆ "ಯಾರಿಗಮ್ಮ ಗೊತ್ತು, ನೀರು ಬರುತ್ತೆ" ಅನ್ನುತ್ತಿದ್ದರು. ಫಾರಂನಲ್ಲಿ ಇದ್ದದ್ದು ನಾಲ್ಕೇ ಚೌಕ, ತಾಮ್ರ, ಪ್ಲಾಸ್ಟಿಕ್, ಕಬ್ಬಿಣ, ಸೀಸ. ಗೊತ್ತಿಲ್ಲ ಅನ್ನುವುದಕ್ಕೆ ಚೌಕವಿರಲಿಲ್ಲ. ಖಾಲಿ ಬಿಟ್ಟರೆ ಫಾರಂ ವಾಪಸು ಬರುತ್ತಿತ್ತು. ಹಾಗಾಗಿ ತಾಮ್ರ ಅಂತ ಹಾಕಿದೆ. ಮುನ್ನೂರ ಹದಿನೇಳು ಮನೆ. ಅದರಲ್ಲಿ ಒಂದು ನನ್ನದು. ಮನೆಗೆ ಹೋಗಿ ನೋಡುವಷ್ಟೂ ವ್ಯವಧಾನವಿರಲಿಲ್ಲ. ಹನ್ನೊಂದು ದಿನದಲ್ಲಿ ಮುಗಿಸಿದ್ದಕ್ಕೆ ಸಾಹೇಬರು ಎಲ್ಲರೆದುರು ಹೊಗಳಿದ್ದರು.

ಎಂಟು ವರ್ಷ ಜನಕ್ಕೆ ರಿಜಿಸ್ಟರಲ್ಲಿದೆ, ರಿಜಿಸ್ಟರಲ್ಲಿದೆ ಅಂದಿದ್ದೇನೆ. ಆಸ್ಪತ್ರೆಯ ನರ್ಸಿಗೂ ಅದನ್ನೇ ಅಂದೆ.

ಏಪ್ರಿಲ್ 1, ಮಂಗಳವಾರ

ಮಗಳಿಗೆ ಹೇಳಿದೆ. ನೀರಿನದು, ಫಾರಂನದು, ಎರಡನ್ನೂ. ಅವಳು ಗುಬ್ಬಿಯ ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು.

"ನಾನು ನಲ್ಲಿ ಬಿಟ್ಕೊಂಡು ನಿಲ್ತಿದ್ದೆ," ಅಂದಳು. "ನೀನು ಬಂದು ನಿಲ್ಲಿಸ್ತಿದ್ದೆ."

"ಹೌದು."

"ಪ್ರತಿ ಸಲ."

"ಹೌದಮ್ಮ."

"ಅಪ್ಪನ ಕೈ ನೋಡಿದ್ಯಾ ನೀನು?"

ನೋಡಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೇರೆಯವರನ್ನು ಆಡಿಕೊಂಡವಳು ನಾನು. ಕಾರ್ಡು ಬರೆದ ಕೈಯಲ್ಲೇ ಮಗುವಿಗೆ ವಿಷ ಕಾಯಿಸಿ ಕೊಟ್ಟೆ. ಕಾಯಿಸಿದಷ್ಟೂ ನೀರು ಇಂಗಿತು, ಸೀಸ ಇಂಗಲಿಲ್ಲ.

ಸಂಜೆ ಮಗಳು ಗೆಳತಿಯ ಮನೆಗೆ ಹೋದಳು, ಗುಬ್ಬಿಯನ್ನು ಕರೆದುಕೊಂಡು. ಎಷ್ಟು ದಿನಕ್ಕೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಇವರು ಗೇಟಿನ ತನಕ ಹೋಗಿ ಬಂದರು. ಕ್ಷಮಿಸಿ ಅಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮಾತು ಹೇಳಿದ ನೆನಪಿಲ್ಲ. ಕೇಳಿ ಅವರಿಗೇ ಮುಜುಗರವಾಗಿ, "ಹೋಗ್ಲಿ ಬಿಡು, ಆ ಡಬ್ಬಿಗಳು ಒಣಗಿಹೋಗಿದ್ವು," ಅಂದರು.

ಏಪ್ರಿಲ್ 2, ಬುಧವಾರ

ಸಾಹೇಬರ ಮುಂದೆ ಕೂತು ಎಲ್ಲ ಹೇಳಿದೆ. ಬಾಗಿಲು ಹಾಕಿಸಿದರು.

"ನೋಡಿ, ನಿಮ್ಮನೇದು ತಿದ್ದಿಬಿಡಿ. ವಾರದೊಳಗೆ ಹೊಸ ಪೈಪು ಹಾಕಿಸ್ತೀನಿ. ಮಿಕ್ಕಿದ್ದರ ಸುದ್ದಿಗೆ ಹೋಗ್ಬೇಡಿ. ಇರೋ ಎಂಟು ತಿಂಗಳು ನೆಮ್ಮದಿಯಾಗಿ ಕಳೀರಿ."

"ನಿಮ್ಮನೆ ಪೈಪು ಯಾವುದು ಸರ್?"

"ನಮ್ಮದು ತಾಮ್ರ. ರಿಜಿಸ್ಟರಲ್ಲಿದೆಯಲ್ಲ."

ಅವರ ಮನೆಯ ಫಾರಂ ಜೊತೆಗೇ ತಂದಿದ್ದೆ, ಮೇಜಿನ ಮೇಲಿಟ್ಟೆ. ಎಂಟು ವರ್ಷದ ಹಿಂದೆ ನಾನು ಫೋನು ಮಾಡಿದ ದಿನ ಅವರು ಊರಲ್ಲಿರಲಿಲ್ಲ, ಎತ್ತಿದ್ದು ಅವರ ಹೆಂಡತಿ. ಸಾಹೇಬರು ಮೂಲೆಯ ಸಹಿಯನ್ನು ತುಂಬ ಹೊತ್ತು ನೋಡಿದರು. ಇದನ್ನು ಇಲ್ಲೇ ಬಿಟ್ಟು ಹೋಗಿ ಅಂದರು.

ಏಪ್ರಿಲ್ 3, ಗುರುವಾರ

ಸಾಹೇಬರು ಮುಕ್ಕಾಲು ಗಂಟೆ ತಡವಾಗಿ ಬಂದರು. ಪ್ಯಾಂಟಿನ ಎರಡೂ ಮೊಣಕಾಲಿಗೆ ಮಣ್ಣು ಮೆತ್ತಿತ್ತು. ರೆಕಾರ್ಡ್ ಕೋಣೆಯ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು.

ಏಪ್ರಿಲ್ 4, ಶುಕ್ರವಾರ

ಮೊದಲ ಫೋನು ಮೇಷ್ಟ್ರಿಗೆ. ಹೇಗೆ ಶುರುಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು "ಹಲೋ" ಅಂದದ್ದೇ ತಡ, ಚೀಟಿ ನೋಡಲಾಗಲಿಲ್ಲ.

"ಮೇಷ್ಟ್ರೇ, ನಿಮ್ಮ ಪೈಪು ತಾಮ್ರ ಅಂದಿದ್ದೆನಲ್ಲ, ಅದು ಸುಳ್ಳು. ನಾನೇ ನೋಡ್ದೆ ಮಾಡ್ದೆ ಬರೆದಿದ್ದು. ನಿಮ್ಮ ಕಣ್ಣು ಸರಿಯಾಗಿದೆ. ಮಗು ಯಾವ ನೀರು ಕುಡೀತಿದೆ? ಎಷ್ಟು ದಿನದಿಂದ?"

ಬರೆದುಕೊಳ್ಳಲು ಪೆನ್ನು ಎತ್ತಿಕೊಂಡೆ.

"ಮೂವತ್ತಾರು ವರ್ಷ ಹಾಜರಿ ಪುಸ್ತಕ ಬರೆದವನಮ್ಮ ನಾನು," ಅಂದರು. "ರಿಜಿಸ್ಟರು ಹೇಗೆ ತುಂಬ್ತಾರೆ ಅಂತ ಗೊತ್ತು. ನೀವು ನಕ್ಕ ದಿನದಿಂದಲೇ ಬೆಳಿಗ್ಗೆ ಹತ್ತು ನಿಮಿಷ ನಲ್ಲಿ ಬಿಡ್ತಿದ್ದೀನಿ. ಮಗು ಚೆನ್ನಾಗಿದೆ."

ನನಗೆ ಅಳು ಬಂತು. ಆಫೀಸಿನಲ್ಲಿ, ಹೆಡ್‌ಫೋನು ಹಾಕಿಕೊಂಡೇ ಅತ್ತೆ. ಅವರು ಫೋನು ಇಡದೆ ಕಾದರು. ಆಮೇಲೆ, "ನಿಮ್ಮನೇಲೂ ಮಗು ಇದೆಯಾ?" ಎಂದು ಕೇಳಿದರು. ಇದೆ ಅಂದೆ. "ಸರಿ, ಮುಂದಿನ ಮನೆಗೆ ಮಾಡಿ," ಅಂದರು.

ಏಪ್ರಿಲ್ 11, ಶುಕ್ರವಾರ

ಇವತ್ತಿಗೆ ನೂರ ನಾಲ್ಕು ಮನೆಯಾಯಿತು. ಬೇಕರಿಯವನ ಹೆಂಡತಿಗೆ ಏಳು ತಿಂಗಳು. ಅವಳಿಗೆ ಮೊದಲು ಪೈಪು ಕೆರೆದರೆ ಗಂಡ ಬೈದಾನೆಂಬ ಹೆದರಿಕೆ, ಆಮೇಲೆ ಸೀಸದ್ದು. ಸಮಾಧಾನ ಮಾಡಿ, ಪೈಪು ಕೆರೆಸಿ, ಅವಳು ನೋಡಿ ಬಂದು ಹೇಳುವ ತನಕ ಕಾದೆ. ಕಬ್ಬಿಣ. ಇಬ್ಬರೂ ನಿಟ್ಟುಸಿರುಬಿಟ್ಟೆವು. ಒಬ್ಬ ಟೈಲರ್ ಬಾಯಿಗೆ ಬಂದಂತೆ ಬೈದ. ಅವನಿಗೆ ಅವಳಿ ಮಕ್ಕಳು, ಐದು ವರ್ಷ. ಎಂಟು ವರ್ಷದ ಹಿಂದೆ ಅವನೇ ಫೋನು ಎತ್ತಿದ್ದನಂತೆ, ಗೊತ್ತಿಲ್ಲ ಅಂತಲೇ ಹೇಳಿದ್ದನಂತೆ. ಹೌದು, ಹಾಗೇ ಹೇಳಿರುತ್ತೀರಿ ಅಂದೆ. ಪೂರ್ತಿ ಬೈಯುವ ತನಕ ಕೇಳಿಸಿಕೊಂಡು, ಮಕ್ಕಳ ರಕ್ತಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಬರೆಸಿದೆ.

ಮಾಮೂಲಿ ಫೋನುಗಳೂ ಬರುತ್ತಿರುತ್ತವೆ. ಒಬ್ಬಾಕೆ ಕೆಟಲಿನಲ್ಲಿ ಬಿಳಿ ಕಟ್ಟಿದೆ ಅಂದಳು. ಮಾತಾಡುತ್ತ ತಿಳಿಯಿತು, ಗಂಡ ತೀರಿಕೊಂಡು ತಿಂಗಳಾಗಿದೆ, ಇಷ್ಟು ದಿನ ಕೆಟಲು ತೊಳೆಯುತ್ತಿದ್ದವನು ಅವನಂತೆ. ಪಕ್ಕದ ಮೇಜಿನವಳು ಗಡಿಯಾರ ತೋರಿಸಿ, "ಅಕ್ಕ, ಒಂದು ಫೋನಿಗೆ ಇಪ್ಪತ್ತು ನಿಮಿಷ?" ಅಂದಳು. ಅಷ್ಟಾಯಿತೇ ಎಂದು ನನಗೇ ಆಶ್ಚರ್ಯ. ವಯಸ್ಸಾಯಿತು, ಕೆಲಸ ನಿಧಾನವಾಗಿದೆ.

ಏಪ್ರಿಲ್ 16, ಬುಧವಾರ

ನಮ್ಮ ಮನೆಗೆ ಹೊಸ ಪೈಪು ಹಾಕಿದರು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ. ಮಾಡುವ ಕೆಲಸವಿಲ್ಲ.

ಏಪ್ರಿಲ್ 29, ಮಂಗಳವಾರ

ಮುನ್ನೂರ ಹದಿನೇಳೂ ಮುಗಿಯಿತು. ಹನ್ನೆರಡು ಮನೆಯವರು ಫೋನು ಎತ್ತಲಿಲ್ಲ, ಸಂಜೆ ಇವರ ಜೊತೆ ನಡೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಸೀಸದ ಪೈಪು ಸಿಕ್ಕಿದ್ದು ತೊಂಬತ್ತಾರು ಮನೆಗಳಲ್ಲಿ. ಪಟ್ಟಿಗೆ ಸಾಹೇಬರು ಸಹಿ ಹಾಕಿ ಮೇಲಿನವರಿಗೆ ಕಳಿಸಿದರು. ಟೈಲರನ ಮಕ್ಕಳ ರಕ್ತದಲ್ಲಿ ಸೀಸ ಒಂಬತ್ತು, ಹನ್ನೊಂದು ಬಂದಿದೆ.

ಮಗಳಿಂದ ಇವರಿಗೆ ಫೋನು ಬರುತ್ತದೆ. ನನ್ನನ್ನು ಕೇಳುವುದಿಲ್ಲ.

ಮೇ 18, ಭಾನುವಾರ

ಮಗಳು ಬಂದಿದ್ದಳು. ಗುಬ್ಬಿಯ ರಕ್ತದಲ್ಲಿ ಸೀಸ ಈಗ ಹನ್ನೆರಡು. ಇಳಿಯುತ್ತಿದೆ. ಮತ್ತೆ ಅಂಬೆಗಾಲಿಡುತ್ತಿದ್ದಾಳೆ, ಇವರ ಕಾಲು ಹಿಡಿದು ಎದ್ದು ನಿಂತಳು. ನನ್ನನ್ನು ಕಂಡು ಮೊದಲು ಗುರುತು ಹಿಡಿಯಲಿಲ್ಲ, ಆಮೇಲೆ ನಕ್ಕಳು. ಮುಂದೆ ಏನಾದರೂ ಉಳಿಯುತ್ತದೆಯೇ ಎಂದು ಮಗಳು ಡಾಕ್ಟರನ್ನು ಕೇಳಿದ್ದಳಂತೆ. ಓದು ಬರಹ ಶುರುವಾದ ಮೇಲೆ ಗೊತ್ತಾಗಬೇಕು ಅಂದರಂತೆ. ಅಂದರೆ ಇನ್ನೂ ಐದಾರು ವರ್ಷ.

ನಾಲ್ಕು ಗಂಟೆಗೆ ಗುಬ್ಬಿ ಹಸಿವೆಂದು ಅತ್ತಳು. ನಾನು ಕೂತಲ್ಲಿಂದ ಏಳಲಿಲ್ಲ. ಮಗಳು ಚೀಲದಿಂದ ಬಾಟಲಿ ತೆಗೆದು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಕಡೆ ಚಾಚಿ, "ಅಮ್ಮ, ಹಾಲು ಕಲಸು," ಅಂದಳು.

ಅಡುಗೆಮನೆಗೆ ಅವಳೂ ಬಂದಳು. ನಲ್ಲಿ ತಿರುಗಿಸಿದೆ. ಹೊಸ ಪೈಪಾದರೂ ಐದು ನಿಮಿಷ ಹರಿಸಿದೆ. ಕಾಯಿಸಿ, ಆರಿಸಿ, ಪುಡಿ ಅಳೆದು ಹಾಕಿ, ಕುಲುಕಿದೆ. ಅವಳು ಬಾಗಿಲ ಹತ್ತಿರವೇ ನಿಂತು ನೋಡುತ್ತಿದ್ದಳು. ಬಾಟಲಿ ಕೊಟ್ಟೆ. ತೆಗೆದುಕೊಂಡು, ಮುಚ್ಚಳ ಬಿಚ್ಚಿ, ತಾನೊಂದು ಗುಟುಕು ಕುಡಿದು ನೋಡಿ, ಆಮೇಲೆ ಮಗುವಿನ ಬಾಯಿಗಿಟ್ಟಳು.

ಸೀಸಕ್ಕೆ ರುಚಿಯಿಲ್ಲ. ಅದು ಅವಳಿಗೂ ಗೊತ್ತು.